ಪೀಟರ್ ಎಂದರೆ ಕಲ್ಲು

ಅಜ್ಜಂಪುರ ಸ್ಟೇಷನ್ನಿನಲ್ಲಿ ಮಜ್ಜಿಗೆ ಮಾರುತ್ತಿದ್ದ ಕಲ್ಲಮ್ಮ, ಗಂಡ ಸತ್ತ ಮೇಲೆ ತಾನೊಬ್ಬಳೇ ದುಡಿದು ಮಗಳನ್ನು ಓದಿಸಿದವಳು. 1961ರಲ್ಲಿ ಮಗಳು ಸಾವಿತ್ರಿ ಹೈಸ್ಕೂಲು ಮುಗಿಸಿದಳು. ಟೀಚರ್ ಟ್ರೈನಿಂಗಿಗೆ ಅರ್ಜಿ ತುಂಬುವಾಗ ಪೋಷಕರ ಹೆಸರಿನ ಜಾಗದಲ್ಲಿ ಅವಳ ಕೈ ನಿಂತಿತು.

“ಅವ್ವಾ, ಕಲ್ಲಮ್ಮ ಅಂದ್ರೆ ನಗ್ತಾರೆ. ಕಮಲಮ್ಮ ಅಂತ ಬರೀತೀನಿ.”

ಕಲ್ಲಮ್ಮನಿಗೆ ನೋವಾಯಿತು. ಮರುದಿನ ಹೊಸ ಸ್ಟೇಷನ್ ಮಾಸ್ತರು ಪೀಟರ್ ಮಜ್ಜಿಗೆಗೆ ಬಂದಾಗ ಕೇಳಿದಳು: “ನಿಮ್ಮ ಹೆಸ್ರಿಗೆ ಅರ್ಥ ಏನು ಸ್ವಾಮಿ?”

“ಗ್ರೀಕ್ ಭಾಷೇಲಿ ಪೆಟ್ರೋಸ್ ಅಂದ್ರೆ ಕಲ್ಲು, ಬಂಡೆ ಕಣಮ್ಮ. ಯೇಸುಸ್ವಾಮಿನೇ ತನ್ನ ಶಿಷ್ಯನಿಗೆ ಇಟ್ಟ ಹೆಸರು.”

“ಹಂಗಾದ್ರೆ ನೀವೂ ಕಲ್ಲಪ್ಪನೇ ಬಿಡಿ,” ಎಂದಳು ಕಲ್ಲಮ್ಮ. ಮಾಸ್ತರು ನಗುತ್ತಾ ಒಪ್ಪಿಕೊಂಡರು.

ಸಂಜೆ ಮನೆಗೆ ಬಂದವಳೇ ಮಗಳ ಮುಂದೆ ಅರ್ಜಿ ಇಟ್ಟಳು. “ದೇವ್ರೇ ಮೆಚ್ಚಿ ಇಟ್ಟ ಹೆಸ್ರಂತೆ ಕಣೇ ಕಲ್ಲು ಅನ್ನೋದು. ನಂದು ಇದ್ದಂಗೇ ಬರಿ.”

ಸಾವಿತ್ರಿ ಹಾಗೇ ಬರೆದಳು. ಟ್ರೈನಿಂಗಿಗೆ ಸೇರುವ ದಿನ ಗುಮಾಸ್ತರು ಅರ್ಜಿಯನ್ನು ಗಟ್ಟಿಯಾಗಿ ಓದಿದಾಗ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಾವಿತ್ರಿ ತಿರುಗಿ ನೋಡಿ, “ನಮ್ಮವ್ವ,” ಎಂದಳು.