ಶ್ವೇತ ಮಿಸ್ಸಿನ ಕಬ್ಬಿನ ಸೇತುವೆಗಳು

೨೦೨೫ನೆಯ ಇಸವಿ ಜನವರಿ ೧೮, ಶನಿವಾರ. ಕ್ರೋಧಿ ಸಂವತ್ಸರದ ಪುಷ್ಯ ಬಹುಳ ಪಂಚಮಿ, ಹೇಮಂತ ಋತು. ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ಬೆಳಗಿನ ಮಂಜು ಬಹಳ ಹೊತ್ತು ಗದ್ದೆ ಬಯಲನ್ನು ಬಿಟ್ಟು ಏಳಲಿಲ್ಲ. ಎದ್ದ ಮೇಲೆ ಮೋಡವಿಲ್ಲದ ಬಿಸಿಲು, ತಣ್ಣನೆಯ ಗಾಳಿ. ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಹಿಂಭಾಗದ ಗದ್ದೆಗಾಲುವೆಯ ಮೇಲೆ ಅಂದು ನಾಲ್ಕು ಸೇತುವೆಗಳು ಎದ್ದವು. ನಾಲ್ಕೂ ಕಬ್ಬಿನವು! ಕಟ್ಟಿದವರು ಎಂಟು ಮತ್ತು ಒಂಬತ್ತನೆಯ ತರಗತಿಗಳ ಇಪ್ಪತ್ತು ಮಕ್ಕಳು. ಕಟ್ಟಿಸಿದವರು ಶ್ವೇತ ಎಂಬ ಅತಿಥಿ ಶಿಕ್ಷಕಿ. ಈ ಬರಹ ಅವರನ್ನು ಕುರಿತದ್ದು.

ಶ್ವೇತ ಹುಟ್ಟಿದ್ದು ೧೯೯೪ರ ಮಾರ್ಚ್ ೯, ಬುಧವಾರ, ಕೆ.ಆರ್.ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ. ತಂದೆ ದೇವರಾಜು ಭತ್ತ, ಕಬ್ಬು ಬೆಳೆಯುವವರು. ತಾಯಿ ದ್ಯಾವಮ್ಮ ಡೈರಿಗೆ ಹಾಲು ಹಾಕುವವರು. ಆರನೆಯ ತರಗತಿಯಲ್ಲಿದ್ದಾಗ ಶ್ವೇತ ಹಳೆಯ ಸೈಕಲ್ ಚಕ್ರದ ಸುತ್ತ ತೆಂಗಿನ ಕರಟಗಳನ್ನು ತಂತಿಯಿಂದ ಬಿಗಿದು, ಅದನ್ನು ಪಂಪ್‌ಸೆಟ್ಟಿನ ನೀರು ಬೀಳುವಲ್ಲಿ ನಿಲ್ಲಿಸಿ, ಡೈನಮೋ ಜೋಡಿಸಿ ದೀಪ ಹೊತ್ತಿಸಿದರು. ನೀರು ಚಿಮ್ಮಿ, ಪಕ್ಕದಲ್ಲಿ ಒಣಹಾಕಿದ್ದ ಹುರುಳಿಯೆಲ್ಲ ನೆನೆದುಹೋಯಿತು.

"ನಿನ್ ದೀಪದ್ ಬೆಳಕ್ನಲ್ಲಿ ಉಳ್ಳಿ ಒಣಗುತ್ತೇನಮ್ಮಿ?" ಎಂದು ದ್ಯಾವಮ್ಮ ಬೈದರು. ಬೈದು ಮುಗಿಸಿದ ಮೇಲೆ, "ಇನ್ನೊಂದ್ ಕಿತ ಅತ್ಸು, ನೋಡವ" ಎಂದರಂತೆ.

ಮಂಡ್ಯದಲ್ಲಿ ಬಿ.ಎಸ್ಸಿ., ಮೈಸೂರಿನಲ್ಲಿ ಬಿ.ಎಡ್. ಮುಗಿಸಿದ ಶ್ವೇತ ೨೦೨೨ರ ಜೂನ್‌ನಲ್ಲಿ ಈ ಶಾಲೆಗೆ ಬಂದರು. ೨೦೨೩ರ ಜುಲೈ ೧೫ರಿಂದ, ಪ್ರತಿ ತಿಂಗಳ ಮೂರನೆಯ ಶನಿವಾರ, ಬೆಳಗಿನ ಪಾಠಗಳು ಮುಗಿದ ಕೂಡಲೇ ಮಕ್ಕಳಿಂದ ಏನಾದರೊಂದನ್ನು ಕಟ್ಟಿಸುವುದನ್ನು ಆರಂಭಿಸಿದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಿಂದ ಒಂದೊಂದು ಶಾಲೆ, ಶಾಲೆಗೆ ಐವರು ಮಕ್ಕಳು. ಮೊದಲ ತಿಂಗಳು ಸೈಕಲ್ ಪಂಪಿನಿಂದ ಹಾರಿಸಿದ ಬಾಟಲಿ ರಾಕೆಟ್ಟು ಮುಖ್ಯೋಪಾಧ್ಯಾಯರ ಕೊಠಡಿಯ ಹೆಂಚಿನ ಮೇಲೆ ಹೋಗಿ ಕೂತಿತು. ಆಮೇಲೆ ರಟ್ಟಿನ ಡಬ್ಬಿಯ ಕ್ಯಾಮರಾ, ತೆಂಗಿನ ಗರಿಯ ಗಾಳಿಯಂತ್ರ, ಅಂಗೈಯಗಲದ ಹರಿಗೋಲು. ಇಂಥ ಶನಿವಾರಗಳಲ್ಲಿ ಶಾಲೆ ತಪ್ಪಿಸಿಕೊಳ್ಳುವ ಮಕ್ಕಳೇ ಇರಲಿಲ್ಲ.

ಆದರೆ ೨೦೨೫ರ ಜನವರಿ ೬ರ ಸೋಮವಾರ ನಡೆದ ಸಭೆಯಲ್ಲಿ ಇದಕ್ಕೆ ಕುತ್ತು ಬಂತು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ನಿಂಗರಾಜು ಊರಿನ ದೊಡ್ಡ ಕಬ್ಬು ಬೆಳೆಗಾರರು. ಒಳ್ಳೆಯ ಮನುಷ್ಯರು, ಮಾತು ಮಾತ್ರ ಒರಟು.

"ಮೇಡಮ್ಮೋರೆ, ಪರೀಕ್ಷೆ ಹತ್ರ ಬಂತು. ಮಕ್ಳು ಗಾಳಿಪಟ ಮಾಡ್ಕಂಡ್ ಕುಂತ್ರೆ ಮಾರ್ಕ್ಸು ಯಾರ್ ಕೊಟ್ಟಾರು?"

"ಗಾಳಿಪಟ ಅಲ್ಲ ಸಾರ್, ಈ ತಿಂಗಳು ಸೇತುವೆ. ಮನುಷ್ಯ ನಿಂತರೂ ತಡೆಯೋ ಸೇತುವೆ."

"ಯಾವ್ ಮನ್ಷ?"

"ಯಾರಾದ್ರೂ."

"ಅಂಗಾರೆ ನಾನೇ ನಿಂತ್ಕತೀನಿ. ತಡುದ್ರೆ ನಡೀಲಿ. ಮುರುದ್ರೆ ನಮ್ಮಿಸ್ಕೂಲಲ್ಲಿ ಇದೇ ಕೊನೆ. ಆಯ್ತಾ?"

ಶ್ವೇತ ಅಧ್ಯಕ್ಷರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಿಂಗರಾಜು ತೊಂಬತ್ತೆರಡು ಕಿಲೋ ತೂಗುವವರು. ಶ್ವೇತ "ಆಯ್ತು" ಎಂದರು. ಅವರಿಗೆ ಬೇರೆ ದಾರಿ ಇರಲಿಲ್ಲ. ಅವರ ಕೆಲಸವಿದ್ದದ್ದು ಈ ಶಾಲೆಯಲ್ಲಿ. ಇಲ್ಲಿ ಈ ಶನಿವಾರಗಳು ನಿಂತುಹೋದರೆ ಉಳಿದ ಮೂರು ಶಾಲೆಗಳಿಗೂ ನಿಂತುಹೋದಂತೆಯೇ.

ಸೇತುವೆಗೆ ಕಬ್ಬು ಮತ್ತು ತೆಂಗಿನ ನಾರಿನ ಹಗ್ಗ ಬಿಟ್ಟು ಬೇರೇನೂ ಕೂಡದು; ನಾಲ್ಕಡಿ ಅಗಲದ ಕಾಲುವೆಯನ್ನು ಅದು ದಾಟಬೇಕು. "ಒಳ್ಳೆ ಕಬ್ಬನ್ನೇ ತನ್ನಿ" ಎಂದು ಶ್ವೇತ ನಾಲ್ಕೂ ಶಾಲೆಗಳಿಗೆ ತಿಳಿಸಿದ್ದರು. ಒಳ್ಳೆಯ ಕಬ್ಬು ಯಾವುದು ಎಂದು ಯಾರೂ ಕೇಳಲಿಲ್ಲ. ನಮ್ಮ ಜಿಲ್ಲೆಯಲ್ಲಿ ಅದನ್ನು ಕೇಳುವವರುಂಟೆ? ದಪ್ಪಗಿರಬೇಕು, ರಸ ತುಂಬಿರಬೇಕು. ಪಂದ್ಯದಲ್ಲಿ ಮೋಸವಾಯಿತೆಂಬ ಮಾತು ಬರಬಾರದೆಂದು ನಿಂಗರಾಜು ತಾವೇ ತಮ್ಮ ತೋಟದಲ್ಲಿ ಮಣಿಕಟ್ಟಿನಷ್ಟು ದಪ್ಪನೆಯ ಜಲ್ಲೆಗಳನ್ನು ಕಡಿಸಿ ಪಾಂಡವಪುರದ ತಂಡಕ್ಕೆ ಕೊಟ್ಟರು.

ಶ್ರೀರಂಗಪಟ್ಟಣದ ತಂಡ ತಂದದ್ದು ಹೆಬ್ಬೆರಳಿನಷ್ಟು ಸಣ್ಣನೆಯ, ಗಂಟುಗಂಟಾದ ಕೂಳೆ ಕಬ್ಬು. ಎಂದರೆ, ಒಮ್ಮೆ ಕಡಿದ ಬುಡದಿಂದಲೇ ಮತ್ತೆ ಚಿಗುರಿ ಬೆಳೆದದ್ದು. ಆ ತಂಡದ ನಾಯಕಿ ಒಂಬತ್ತನೆಯ ತರಗತಿಯ ಮಹೇಕ್. ಆಕೆಯ ತಂದೆ ಶಹಾಬುದ್ದೀನ್ ಬಸ್ ನಿಲ್ದಾಣದ ಬಳಿ ಕಬ್ಬಿನ ಹಾಲು ಮಾರುವವರು. ಪಾಂಡವಪುರ ತಂಡದ ಸಿದ್ದಾರ್ಥ ಅವಳ ಹೊರೆಯನ್ನು ನೋಡಿ ನಕ್ಕುಬಿಟ್ಟ.

"ಏನಮ್ಮಿ ಇದು, ಬೆಂಕಿಪಟ್ನದ ಕಡ್ಡಿನಾ?"

"ನಿಮ್ದು ದಪ್ಪ ಐತೆ ಬುಡು, ನಿನ್ ತಲೆ ತರಾನೇ."

ಮಧ್ಯಾಹ್ನ ಮೂರರ ಹೊತ್ತಿಗೆ ಕಟ್ಟುವ ಕೆಲಸ ಮುಗಿಯಿತು. ಮೊದಲು ಗೊಬ್ಬರದ ಖಾಲಿ ಚೀಲಗಳಿಗೆ ಇಪ್ಪತ್ತಿಪ್ಪತ್ತು ಕಿಲೋ ಮರಳು ತುಂಬಿ ಒಂದೊಂದಾಗಿ ಹೇರಿದರು. ಎರಡನೆಯ ಚೀಲಕ್ಕೇ ನಾಗಮಂಗಲದ ಸೇತುವೆ ಕುಸಿಯಿತು. ಅವರು ಸಂತೆಯಲ್ಲಿ ಹಬ್ಬಕ್ಕೆಂದು ಬಂದಿದ್ದ ಕರಿಕಬ್ಬನ್ನು ಕೊಂಡಿದ್ದರು. ಬಸ್ಸಿನಲ್ಲಿ ಅದರಲ್ಲಿ ಸ್ವಲ್ಪ ತಿಂದದ್ದೂ ನಿಜ. ಮೂರನೆಯ ಚೀಲಕ್ಕೆ ಕೆ.ಆರ್.ಪೇಟೆಯವರ ಹಗ್ಗ ಜಾರಿತು. ಉಳಿದ ಎರಡೂ ನಾಲ್ಕು ಚೀಲ ಹೊತ್ತವು! ಪಾಂಡವಪುರದ ಸೇತುವೆ ಕದಲಲಿಲ್ಲ, ಬಾಗಲಿಲ್ಲ. ಶ್ರೀರಂಗಪಟ್ಟಣದ್ದು ಮಾತ್ರ ತೊಟ್ಟಿಲಿನಂತೆ ಜೋತುಬಿತ್ತು. ಮಕ್ಕಳ ಕಿರುಚಾಟಕ್ಕೆ ದಂಡೆಯ ಬೆಳ್ಳಕ್ಕಿಗಳು ಹಾರಿಹೋದವು.

"ಯಾವುದ್ರ ಮ್ಯಾಲೆ ನಿಂತ್ಕಳ್ಲಿ? ನೀವೇ ಹೇಳ್ಬುಡಿ ಮೇಡಮ್ಮೋರೆ," ಎಂದು ನಿಂಗರಾಜು ಪಂಚೆ ಎತ್ತಿ ಕಟ್ಟಿದರು.

ಶ್ವೇತ ಎರಡನ್ನೂ ನೋಡಿದರು, ಬಾಗದಿರುವುದನ್ನು ತೋರಿಸಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ತೋರಿಸುತ್ತಿದ್ದೆ.

ನಿಂಗರಾಜು ಎರಡು ಹೆಜ್ಜೆಯಿಟ್ಟು ನಡುವೆ ನಿಂತರು. ಒಂದು ಕ್ಷಣ ಎಲ್ಲವೂ ಸರಿಯಾಗಿತ್ತು. ಮಕ್ಕಳು ಚಪ್ಪಾಳೆಗೆ ಕೈಯೆತ್ತಿದ್ದರು. ಲಟ್ಟನೆ ಸದ್ದಾಯಿತು, ಮತ್ತೊಂದು, ಮಗದೊಂದು. ಅಧ್ಯಕ್ಷರು ಮೊಳಕಾಲುದ್ದ ನೀರಿನಲ್ಲಿ ಕೂತಿದ್ದರು.

ಯಾರೂ ನಗಲಿಲ್ಲ. ಸಿದ್ದಾರ್ಥನ ಕಣ್ಣಲ್ಲಿ ನೀರಾಡಿತು. ಶ್ವೇತ ಕೈನೀಡಿ ನಿಂಗರಾಜು ಅವರನ್ನು ಎಬ್ಬಿಸಿದರು. "ಮಾತು ಕೊಟ್ಟಾಗಿದೆ ಸಾರ್. ಇದೇ ಕೊನೆ," ಎಂದರು.

ನಿಂಗರಾಜು ಶ್ವೇತ ಅವರ ಕಡೆ ನೋಡಲೇ ಇಲ್ಲ. ಅವರ ಕಣ್ಣು ಮುರಿದ ಜಲ್ಲೆಯ ಮೇಲಿತ್ತು. "ನನ್ ಕಬ್ಬು..." ಎಂದರು.

ಆಗ ಮಹೇಕ್ ಮುಂದೆ ಬಂದಳು. "ಅಂಕಲ್, ನಮ್ದೂ ಒಂದೈತಲ್ಲ."

"ನನ್ನದೇ ತಡೀನಿಲ್ಲ, ನಿನ್ ಕಡ್ಡಿ ತಡೆದಾದಾ? ಬಾ ತೋರುಸ್ತೀನಿ!" ಎನ್ನುತ್ತ ನಿಂಗರಾಜು ನೀರು ಸುರಿಯುತ್ತಿದ್ದ ಪಂಚೆಯಲ್ಲೇ ಅದರ ಮೇಲೇರಿದರು. ಸೇತುವೆ ಬಾಗಿತು. ಇನ್ನೂ ಬಾಗಿತು. ಅದರ ಹೊಟ್ಟೆ ನೀರನ್ನು ಮುಟ್ಟಿತು. ಅಲ್ಲಿಗೆ ನಿಂತಿತು! ಅವರು ಕಾಲನ್ನು ಒತ್ತಿ ನೋಡಿದರು. ಅದು ಕೆಳಗಿಳಿದು ಮೇಲೆದ್ದಿತು. ಒಂದು ಸಲ ಕುಪ್ಪಳಿಸಿದರು. ಇಪ್ಪತ್ತು ಮಕ್ಕಳೂ ತಮ್ಮ ತಾಲ್ಲೂಕು ಯಾವುದೆಂಬುದನ್ನೇ ಮರೆತು ಕೂಗಿದರು.

"ಯಾವ್ ತಳಿನಮ್ಮಿ ಇದು?"

"ಗೊತ್ತಿಲ್ಲ ಅಂಕಲ್. ಮಿಷನ್ನಿಗೆ ಹಾಕುದ್ರೆ ಹಾಲೇ ಬರಲ್ಲ, ಬರೀ ಸಿಪ್ಪೆ. ಒಳ್ಳೇದು ಕೇಳ್ದೆ, ನಮ್ ಅಬ್ಬಾ ಕೊಡ್ಲಿಲ್ಲ. ಗಿರಾಕಿಗೆ ಬೇಕು, ಇದನ್ನೇ ತಗಂಡೋಗು ಅಂದ್ರು."

ಶ್ವೇತ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಮುರಿದ ದಪ್ಪ ಜಲ್ಲೆಯನ್ನು ಎತ್ತಿಕೊಂಡರು. ಮುರಿದ ಜಾಗ ಚಾಕುವಿನಿಂದ ಕತ್ತರಿಸಿದಂತಿತ್ತು, ರಸ ತೊಟ್ಟಿಕ್ಕುತ್ತಿತ್ತು. ಸಣ್ಣ ಕಬ್ಬೊಂದನ್ನು ಮಂಡಿಗೆ ಒತ್ತಿ ಮುರಿಯಲು ನೋಡಿದರು. ಅದು ಸೀಳಿತು, ಎಳೆಎಳೆಯಾಯಿತು, ಎರಡಾಗಲಿಲ್ಲ. ಅವರ ಮುಖ ಅರಳಿತು.

"ಸಾರ್, ನೋಡಿ ಇಲ್ಲಿ! ರಸ ಭಾರ ಹೊರಲ್ಲ, ನಾರು ಹೊರುತ್ತೆ. ನಾನು ಕಬ್ಬಿನ ಗದ್ದೇಲೇ ಬೆಳೆದೋಳು, ನನಗೂ ಹೊಳೀಲಿಲ್ಲ. ಮಕ್ಕಳಾ, ಎಲ್ಲರೂ ಬನ್ನಿ, ಮುರಿದು ನೋಡಿ!"

ಮಕ್ಕಳು ಮುಗಿಬಿದ್ದರು. ಅವರ ನಡುವೆ ಅಧ್ಯಕ್ಷರೂ ಮಂಡಿಯೂರಿ ಒಂದಾದ ಮೇಲೊಂದರಂತೆ ಜಲ್ಲೆ ಮುರಿಯುತ್ತಿದ್ದರು. ಕೊನೆಗೆ ಎದ್ದು ನಿಂತು, "ಮುಂದಿನ್ ತಿಂಗ್ಳು ಯಾವತ್ತು ಮೂರ್ನೇ ಶನಿವಾರ?" ಎಂದರು.

"ಫೆಬ್ರವರಿ ಹದಿನೈದು. ಆದರೆ ಸಾರ್, ಪಂದ್ಯ..."

"ಪಂದ್ಯ ಅತ್ಲಾಗಿರ್ಲಿ. ನಿಂಗರಾಜನ್ ಕಬ್ಬು ಮುರುದ್ಬುಡ್ತು ಅಂತ ನಾಳೀಕೆ ಊರೆಲ್ಲಾ ಆಡ್ಕತದೆ. ನನ್ ತೋಟದಾಗೂ ಕೂಳೆ ಐತೆ. ಇನ್ನೊಂದ್ ಕಿತ ಕಟ್ಸಿ. ಲೇ ಸಿದ್ದಾರ್ಥ, ಅಳದ್ ನಿಲ್ಸ್ಲಾ, ಕಬ್ಬು ಕಡ್ಯಕ್ಕೆ ನೀನೇ ಬತ್ತೀಯೆ ಕಣ್ಲಾ."

ನಡೆದದ್ದು ಇಷ್ಟು. ೨೦೨೫ರ ಫೆಬ್ರವರಿ ೧೫ರ ಶನಿವಾರ ಪಾಂಡವಪುರದ ತಂಡ ಕೂಳೆ ಕಬ್ಬಿನಲ್ಲಿ ಮತ್ತೊಮ್ಮೆ ಸೇತುವೆ ಕಟ್ಟಿತು, ನಿಂಗರಾಜು ನಿಂತರು, ಅದು ತಡೆಯಿತು. ಮಾರ್ಚ್ ೧೫ರಂದು ನಾಗಮಂಗಲದ ಶಾಲೆಯಲ್ಲಿ ಮಣ್ಣಿನ ಕಟ್ಟೆಗಳನ್ನು ಕಟ್ಟಿದರು, ಎರಡು ಒಡೆದವು. ಬೇಸಿಗೆ ರಜೆಯ ನಂತರ ಶ್ವೇತ ಅದೇ ಶಾಲೆಗೆ ಮತ್ತೆ ಅತಿಥಿ ಶಿಕ್ಷಕಿಯಾಗಿ ನೇಮಕಗೊಂಡರು. ಮಹೇಕ್ ಹತ್ತನೆಯ ತರಗತಿಗೆ ಹೋದಳು. ಜುಲೈ ೧೯ರಿಂದ ಕೆ.ಆರ್.ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಿಂದಲೂ ಐವರು ಮಕ್ಕಳು, ಐದನೆಯ ತಂಡವಾಗಿ, ಬರುತ್ತಿದ್ದಾರೆ.