ಸ್ಟೇಷನ್ನಿಂದ ಅರ್ಧ ಮೈಲಿ

ಪೆನ್‌ವಿಕ್ ಪುರಸಭೆಯ ಕ್ಲರ್ಕ್ ಅರ್ಡೆಲ್ಲಾ ಪಿಟ್ಮನ್‌ಗೆ ಆ ಫೋನು ಬಂದದ್ದು ಅಕ್ಟೋಬರಿನ ಒಂದು ಮಧ್ಯಾಹ್ನ, ಆಕೆ ಡಬ್ಬಿ ತೆರೆದು ಹುರಿದ ಕೋಳಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ. ಊರಿನ ಎಲ್ಲೆ ಅಳೆಯಲು ಊರಿನ ವಕೀಲರು ಗೊತ್ತು ಮಾಡಿದ್ದ ಮೋಜಣಿಯವಳು ಮಾತಾಡುತ್ತಿದ್ದಳು.

"ಮೇಡಂ, ನಿಮ್ಮೂರ ರೈಲ್ವೆ ಸ್ಟೇಷನ್ ಎಲ್ಲಿದೆ ಅಂತ ಸ್ವಲ್ಪ ಹೇಳ್ತೀರಾ? ನಕ್ಷೆಗೆ ಬೇಕಿತ್ತು."

"ಎಲ್ಲಿದೆ ಅಂದ್ರೆ? ನನ್ನ ಕಿಟಕಿ ಎದುರಿಗೇ ಇದೆಯಲ್ಲಮ್ಮ. ಮೇನ್ ಸ್ಟ್ರೀಟು, ಹನ್ನೆರಡನೇ ನಂಬರು."

ಅಷ್ಟೇ ಮಾತು. ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟಳು, ಅರ್ಡೆಲ್ಲಾ ಊಟ ಮಾಡಿದಳು.

ಪೆನ್‌ವಿಕ್‌ನಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ರೈಲು ನಿಂತು ಎಷ್ಟೋ ವರ್ಷವಾಗಿತ್ತು. ಮರದ ಆ ಹಳೆಯ ಕಟ್ಟಡವನ್ನು ಕೆಡವಲು ಮನಸ್ಸು ಬಾರದೆ, ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಅದನ್ನು ಇಡಿಯಾಗಿ ಎತ್ತಿ ಲಾರಿಯ ಮೇಲೆ ಹೇರಿ, ಮೈಲಿಯ ಮೂರನೇ ಒಂದು ಭಾಗದಷ್ಟು ಪೂರ್ವಕ್ಕೆ ತಂದು ಟೌನ್ ಹಾಲಿನ ಎದುರು ಕೂರಿಸಿದ್ದರು. ಈಗ ಅಲ್ಲಿ ಮುದುಕರು ಡಾಮಿನೋ ಆಡುತ್ತಾರೆ, ಮದುವೆಯ ಊಟ ನಡೆಯುತ್ತದೆ. ಹಳಿಯಿಲ್ಲ, ರೈಲಿಲ್ಲ, ಆದರೂ ಅದು ಸ್ಟೇಷನ್ನೇ. ಮೊದಲು ಅದಿದ್ದ ಜಾಗದಲ್ಲಿ ಆಳೆತ್ತರ ಹುಲ್ಲು ಬೆಳೆದಿದೆ, ಅದಕ್ಕೆ ಯಾವ ಹೆಸರೂ ಇಲ್ಲ.

ಆದರೆ ಸಾವಿರದ ಎಂಟುನೂರ ಎಂಬತ್ತೊಂಬತ್ತರಲ್ಲಿ ಜಾರ್ಜಿಯಾ ರಾಜ್ಯದ ಶಾಸನಸಭೆ ಈ ಊರಿಗೆ ಕೊಟ್ಟಿದ್ದ ಸನ್ನದಿನಲ್ಲಿ ಊರಿನ ಎಲ್ಲೆಯನ್ನು ಒಂದೇ ಸಾಲಿನಲ್ಲಿ ಬರೆದಿತ್ತು: ರೈಲ್ವೆ ಸ್ಟೇಷನ್ನಿಂದ ಎಲ್ಲಾ ದಿಕ್ಕಿಗೂ ಅರ್ಧ ಮೈಲಿ. ಕಟ್ಟಡ ಜಾಗ ಬಿಟ್ಟು ಹೋದರೂ ಊರು ಇದ್ದಲ್ಲೇ ಇತ್ತು, ಏಕೆಂದರೆ ಅಳೆಯಲು ಹೋದವರು ಯಾರೂ ಇರಲಿಲ್ಲ. ಈಗ ಮೇಯರ್ ಬ್ರಾಡಸ್ ಹಚೆಸನ್ ಆ ಹಳೆಯ ಸನ್ನದನ್ನು ಪೂರ್ತಿ ರದ್ದು ಮಾಡಿಸಿ ನಲವತ್ತೊಂದು ಪುಟದ ಹೊಸದನ್ನು ತರಲು ಹೊರಟಿದ್ದ. ಎಲ್ಲೆಯ ಆ ಸಾಲು ಹೊಸದರಲ್ಲೂ ಹಾಗೇ ಇತ್ತು, ಜೊತೆಗೆ ಅಳೆದು ಬರೆದ ನಕ್ಷೆಯೊಂದು ಸೇರಬೇಕಿತ್ತು. ಊರಿನ ಕೌನ್ಸಿಲ್ ಒಪ್ಪಬೇಕು, ಕೌಂಟಿಯ ವಾರಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಈ ಭಾಗದ ಶಾಸಕ ಅಟ್ಲಾಂಟಾದಲ್ಲಿ ಮಸೂದೆ ಮಂಡಿಸಬೇಕು. ಒಂದೂರಿನ ಸ್ವಂತ ವಿಷಯಕ್ಕೆ ಬೇರೆ ಊರಿನ ಶಾಸಕರು ತಲೆ ಹಾಕುವ ಪದ್ಧತಿ ಇಲ್ಲ. ಮೊದಲಾದರೆ ಇಂಥ ಕಾಗದ ವಾಷಿಂಗ್ಟನ್ನಿಗೂ ಹೋಗಿ, ಕರಿಯರ ವೋಟಿಗೆ ಧಕ್ಕೆಯಿಲ್ಲವೇ ಎಂದು ಪರೀಕ್ಷೆಯಾಗಿ ಬರಬೇಕಿತ್ತು. ನಾಲ್ಕು ವರ್ಷದಿಂದ ಆ ಗೋಜೂ ಇಲ್ಲ.

ಅರ್ಡೆಲ್ಲಾ ಆ ಊರಿನ ಟೌನ್ ಹಾಲಿನಲ್ಲಿ ಮೇಜು ಪಡೆದ ಮೊದಲ ಕರಿಯ ಹೆಂಗಸು. ಇಪ್ಪತ್ತೆಂಟು ವರ್ಷದ ಕೆಲಸ. ಯಾರ ನಾಯಿಗೆ ಲೈಸೆನ್ಸ್ ಇಲ್ಲ, ಸ್ಮಶಾನದಲ್ಲಿ ಯಾವ ಗುಣಿ ಯಾರ ಮನೆಯವರದು, ಎಲ್ಲವೂ ಆಕೆಯ ನಾಲಿಗೆಯ ತುದಿಯಲ್ಲಿ. ಯಾವ ಕಾಗದವೇ ಬರಲಿ, ಸಾಲಿನ ಕೆಳಗೆ ಮರದ ಅಡಿಪಟ್ಟಿ ಇಟ್ಟುಕೊಂಡು ಓದುವುದು ಅಭ್ಯಾಸ. ಹೊಸ ಸನ್ನದಿನ ಕರಡಿನಲ್ಲಿ ಹತ್ತೊಂಬತ್ತು ಕಾಗುಣಿತದ ತಪ್ಪು ಹಿಡಿದಿದ್ದಳು. ಕೌನ್ಸಿಲಿನಲ್ಲಿ ಐವರೂ ಅದಕ್ಕೆ ಕೈಯೆತ್ತಿದರು. "ಡೆಲ್ಲಾ ಓದಿದಾಳೆ ಅಂದ್ಮೇಲೆ ನಾವ್ ಏನ್ ಓದೋದು?" ಎಂದು ನಗುತ್ತ ಕೈಯೆತ್ತಿದವರು ಡೀಕನ್ ಓಬೆಡ್ ಲಂಡ್ರಮ್. ಆಕೆಯ ಪಕ್ಕದ ಮನೆಯವರು, ಆಕೆಯ ಚರ್ಚಿನ ಹಿರಿಯರು, ಜಿನ್ ರೋ ಬೀದಿಯ ವೋಟಿನಿಂದ ಇಪ್ಪತ್ತು ವರ್ಷ ಗೆದ್ದುಬಂದವರು.

ಹತ್ತಿಯಿಂದ ಬೀಜ ಬಿಡಿಸುವ ಹಳೆಯ ಜಿನ್ ಗಿರಣಿಯ ಆಚೆ, ಊರಿನ ಪಶ್ಚಿಮದ ಕೊನೆಯಲ್ಲಿ ಜಿನ್ ರೋ. ನಲವತ್ತಮೂರು ಮನೆ, ಎಲ್ಲವೂ ಕರಿಯರವು.

ನಕ್ಷೆಯ ದೊಡ್ಡ ಪ್ರತಿ ಬಂದದ್ದು ಫೆಬ್ರವರಿಯಲ್ಲಿ. ಗೋಡೆಗೆ ಹಾಕುವ ಮುನ್ನ ಅರ್ಡೆಲ್ಲಾ ಅದನ್ನು ಮೇಜಿನ ಮೇಲೆ ಹರವಿ, ಎಲ್ಲರೂ ಮಾಡುವಂತೆ, ಮೊದಲು ತನ್ನ ಮನೆ ಹುಡುಕಿದಳು. ಮನೆ ಸಿಕ್ಕಿತು. ಬೆರಳು ಅಲ್ಲೇ ನಿಂತಿತು. ಊರಿನ ಕೆಂಪು ಗೆರೆ ಬೆರಳಿನ ಈಚೆಗಿತ್ತು. ಇಡೀ ಬೀದಿ ಗೆರೆಯ ಆಚೆಗೆ ಬಿದ್ದಿತ್ತು. ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರ: ಕೇಂದ್ರಬಿಂದು, ರೈಲ್ವೆ ಸ್ಟೇಷನ್, 12 ಮೇನ್ ಸ್ಟ್ರೀಟ್, ಪುರಸಭೆಯ ಕ್ಲರ್ಕ್ ತಿಳಿಸಿದಂತೆ.

ಊರಿನಿಂದ ಆಚೆ ಎಂದರೆ ಊರಿನ ನೀರಿಲ್ಲ, ಬೀದಿ ದೀಪವಿಲ್ಲ. ಎಲ್ಲಕ್ಕಿಂತ ಮೊದಲು ವೋಟಿಲ್ಲ.

ಮೇಯರ್ ನಕ್ಷೆ ನೋಡಿದ. ಗಾಬರಿಯಾಗಲಿಲ್ಲ. ಅದು ಆಕೆಗೆ ಆಗಲೇ ಸರಿಬೀಳಲಿಲ್ಲ.

"ಅಯ್ಯೋ, ಇಷ್ಟೇ ತಾನೇ ಮಿಸ್ ಅರ್ಡೆಲ್ಲಾ? ನೀವೇ ಹೇಳಿದ್ದಲ್ವ ಸ್ಟೇಷನ್ ಅಲ್ಲಿದೆ ಅಂತ?"

"ಹೇಳಿದ್ದು ನಾನೇ, ನಿಜ. ಆದ್ರೆ ಸನ್ನದು ಬರ್ದಾಗ ಅದು ಅಲ್ಲಿರ್ಲಿಲ್ಲ ಅಂತ ನಿಮಗೂ ಗೊತ್ತಲ್ಲ."

"ಮುಂದಿನ ವರ್ಷ ತಿದ್ದುಪಡಿ ಮಾಡಿಸೋಣ. ಈಗ ವಾಪಸ್ ತರಿಸಿದ್ರೆ ಯಾರ ತಪ್ಪು, ಯಾರು ಹೇಳಿದ್ದು ಅಂತ ಪೇಪರ್‌ನಲ್ಲೆಲ್ಲ ಬರುತ್ತೆ. ನಿಮ್ಮ ಹೆಸರು ಯಾಕೆ ಬೀದಿಗೆ ಬರ್ಬೇಕು ಹೇಳಿ?"

ಮಾತಿನಲ್ಲಿ ಬೆಣ್ಣೆಯಿತ್ತು. ಅರ್ಡೆಲ್ಲಾ ತನ್ನ ಮೇಜಿಗೆ ಬಂದು, ಅಡಿಪಟ್ಟಿ ತೆಗೆದು, ಹೊಸ ಸನ್ನದನ್ನು ಮತ್ತೆ ಮೊದಲಿನಿಂದ ಓದಿದಳು. ಈ ಸಲ ಕಾಗುಣಿತ ನೋಡಲಿಲ್ಲ. ಮೂವತ್ತೊಂದನೇ ಪುಟದಲ್ಲಿ ಅಡಿಪಟ್ಟಿ ನಿಂತಿತು. ಮೇಯರ್, ಕೌನ್ಸಿಲರು, ಪೊಲೀಸ್ ಮುಖ್ಯಸ್ಥ, ಎಲ್ಲರೂ ಊರಿನ ಎಲ್ಲೆಯೊಳಗೇ ವಾಸವಿರಬೇಕು. ಅದರ ಕೆಳಗೆ ಒಂದು ಸಾಲು: ಕ್ಲರ್ಕ್ ಊರಿನ ಎಲ್ಲೆಯೊಳಗೆ ವಾಸವಿರಬೇಕಾಗಿಲ್ಲ.

ಹಳೆಯ ಸನ್ನದಿನಲ್ಲಿ ಕ್ಲರ್ಕ್ ಕೂಡ ಊರಿನವರೇ ಆಗಿರಬೇಕಿತ್ತು. ಅದನ್ನು ಬದಲಿಸಿ ಎಂದು ಯಾರೂ ಕೇಳಿರಲಿಲ್ಲ. ಅರ್ಡೆಲ್ಲಾ ಎಲ್ಲಿ ವಾಸವಿದ್ದಾಳೆ, ನಾಳೆ ಆ ಬೀದಿ ಎಲ್ಲಿರುತ್ತದೆ, ಎರಡೂ ಗೊತ್ತಿದ್ದವರು ಮಾತ್ರ ಬರೆಯುವ ಸಾಲು ಅದು. ನಡೆದದ್ದು ಅಕಸ್ಮಾತ್ ಆದ ತಪ್ಪಲ್ಲ. ಮೋಜಣಿಯವಳಿಗೆ ಕ್ಲರ್ಕನ್ನೇ ಕೇಳು ಎಂದು ಹೇಳಿ ಕಳಿಸಿದವರಿಗೆ ಉತ್ತರ ಮೊದಲೇ ಗೊತ್ತಿತ್ತು.

ಇನ್ನೂ ಸಮಯವಿತ್ತು. ಮಸೂದೆ ಮಂಡನೆಯಾಗಿರಲಿಲ್ಲ. ಆ ಶುಕ್ರವಾರ ಶಾಸಕ ಊರಿನ ಹೋಟೆಲಿಗೆ ತಿಂಡಿಗೆ ಬರುವವನಿದ್ದ. ಅರ್ಡೆಲ್ಲಾ ನಕ್ಷೆಯನ್ನು ಮಡಚಿ ಕೈಚೀಲದಲ್ಲಿ ಹಾಕಿಕೊಂಡು ಹೋದಳು. ಆತನ ಎದುರಿಗೆ ಮೆಕ್ಕೆಜೋಳದ ಗಂಜಿ, ಮೊಟ್ಟೆ, ಪಕ್ಕದಲ್ಲಿ ಮೇಯರ್.

"ಬನ್ನಿ ಮಿಸ್ ಅರ್ಡೆಲ್ಲಾ, ನಿಮ್ಮ ವಿಷಯವೇ ಮಾತಾಡ್ತಿದ್ವಿ" ಎಂದ ಮೇಯರ್. "ನೀವಿಲ್ದೆ ಪುರಸಭೆ ಒಂದ್ ದಿನ ನಡೆಯಲ್ಲ ಅಂತ ಇವ್ರಿಗೆ ಹೇಳ್ತಿದ್ದೆ. ಈ ಕ್ಲರ್ಕನ್ನ ಮಾತ್ರ ನಾವು ಬಿಟ್ಕೊಡಲ್ಲ."

ಶಾಸಕ ಎದ್ದು ಕೈಕುಲುಕಿದ. "ಏನಾದ್ರೂ ಹೇಳೋದಿತ್ತಾ ಮೇಡಂ?"

ಕೈಚೀಲದ ಬಾಯಿ ಅರ್ಧ ತೆರೆದಿತ್ತು. ಹೇಳಬೇಕಾದ್ದು ಎರಡು ವಾಕ್ಯ. ಆದರೆ ಮೊದಲ ವಾಕ್ಯ "ನಾನೇ ತಪ್ಪು ಹೇಳಿದೆ" ಎಂದು ಶುರುವಾಗಬೇಕಿತ್ತು. ಇಪ್ಪತ್ತೆಂಟು ವರ್ಷ ಒಂದು ಅಕ್ಷರ ತಪ್ಪದವಳು ಎಂದು ಎರಡು ಬಣ್ಣದವರಿಂದಲೂ ಅನ್ನಿಸಿಕೊಂಡವಳು ಕೈಚೀಲದ ಬಾಯಿ ಮುಚ್ಚಿದಳು. ಕ್ಲರ್ಕಿನ ಕುರ್ಚಿಯ ಆಸೆಯೂ ಇತ್ತು. ಇರಲಿಲ್ಲ ಎಂದು ಆಕೆಯ ಪರವಾಗಿ ನಾನು ಸುಳ್ಳು ಹೇಳಲಾರೆ.

"ಏನಿಲ್ಲ ಸರ್. ಸುಮ್ನೆ ಮಾತಾಡ್ಸ್ಕೊಂಡ್ ಹೋಗೋಣ ಅಂತ ಬಂದೆ."

ಭಾನುವಾರ ಚರ್ಚಿನಲ್ಲಿ ಡೀಕನ್ನರ ಹೆಂಡತಿಯ ಪಕ್ಕದಲ್ಲೇ ನಿಂತು ಹಾಡಿದಳು. "ಯಾಕೆ ಡೆಲ್ಲಾ, ಸ್ವರವೇ ಏಳ್ತಿಲ್ಲ?" ಎಂದು ಆಕೆ ಕೇಳಿದ್ದಕ್ಕೆ ಶೀತ ಎಂದಳು. ಮುಂದಿನ ಭಾನುವಾರ ಹೇಳಿದರಾಯಿತು ಅಂದುಕೊಂಡಳು. ಆಮೇಲೆ ಅದರ ಮುಂದಿನದು. ದಿನಾ ಬೆಳಗ್ಗೆ ಜಿನ್ ರೋದಿಂದ ಕೆಲಸಕ್ಕೆ ನಡೆದುಹೋಗುವಾಗ ಅಂಗಳದಿಂದ ಜನ ಕೈಬೀಸುತ್ತಿದ್ದರು. ಆಕೆಯೂ ಬೀಸುತ್ತಿದ್ದಳು. ಮಾರ್ಚಿನಲ್ಲಿ ಮಸೂದೆ ಪಾಸಾಯಿತು, ಮೇ ತಿಂಗಳಲ್ಲಿ ಗವರ್ನರರ ಸಹಿ ಬಿತ್ತು, ಜುಲೈ ಒಂದಕ್ಕೆ ಕಾನೂನಾಯಿತು. ಬೀದಿಯಲ್ಲಿ ಏನೂ ಬದಲಾಗಲಿಲ್ಲ. ನಲ್ಲಿ ತಿರುವಿದರೆ ನೀರು ಬರುತ್ತಲೇ ಇತ್ತು. ಅದೇ ಆಕೆಗೆ ಹೆಚ್ಚು ಭಯ ಹುಟ್ಟಿಸುತ್ತಿತ್ತು.

ಆಗಸ್ಟಿನಲ್ಲಿ ಕೌನ್ಸಿಲ್ ಚುನಾವಣೆಗೆ ನಾಮಪತ್ರ ಸಲ್ಲಿಸುವ ಮೊದಲ ದಿನ, ಬಾಗಿಲು ತೆರೆಯುವ ಹೊತ್ತಿಗೇ ಡೀಕನ್ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಹ್ಯಾಟು.

"ಕೊಡಮ್ಮ ತಾಯಿ ಫಾರಮ್ಮು. ಈ ಸಲಾನೂ ಮುದ್ಕನ್ನ ಗೆಲ್ಲಿಸ್ಬಿಡು."

ಆಕೆ ಫಾರಂ ಕೊಡಲಿಲ್ಲ. "ಡೀಕನ್, ಸ್ವಲ್ಪ ಕೂತ್ಕೊಳ್ಳಿ. ಜಿನ್ ರೋ ಈಗ ಊರಲ್ಲಿಲ್ಲ."

ಅವರು ತಮಾಷೆ ಎಂದುಕೊಂಡು ನಕ್ಕರು. "ಬೆಳಿಗ್ಗೆ ಎದ್ದಾಗ ಅಲ್ಲೇ ಇತ್ತಲ್ಲೇ!"

ಆಕೆ ಗೋಡೆಯ ನಕ್ಷೆ ತೋರಿಸಿದಳು. ಅವರು ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕೆಳಗಿನ ಸಣ್ಣ ಅಕ್ಷರವನ್ನೂ ಓದಿದರು. ತಿರುಗಿದಾಗ ಮುಖದಲ್ಲಿ ನಗು ಇರಲಿಲ್ಲ.

"ನೀನಿರೋದೂ ಅಲ್ಲೇ. ಹಂಗಾದ್ರೆ ಈ ಕುರ್ಚಿ ಮೇಲೆ ಹೆಂಗಮ್ಮ ಕೂತಿದೀಯ?"

ಅರ್ಡೆಲ್ಲಾ ಹೊಸ ಸನ್ನದಿನ ಮೂವತ್ತೊಂದನೇ ಪುಟ ತೆರೆದು ಅವರ ಕಡೆ ತಿರುಗಿಸಿದಳು. ಅವರು ಓದಿದರು.

"ಇದು ನಿಂಗೆ ಯಾವತ್ತು ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಫೆಬ್ರವರೀಲಿ."

ಡೀಕನ್ ಓಬೆಡ್ ಲಂಡ್ರಮ್ ಬೆರಳು ಮಡಚಿ ತಿಂಗಳು ಎಣಿಸಿದರು, ಫೆಬ್ರವರಿ, ಮಾರ್ಚ್, ಅಲ್ಲಿಗೇ ನಿಲ್ಲಿಸಿದರು. ಹ್ಯಾಟು ತಲೆಗಿಟ್ಟುಕೊಂಡರು.

"ಫೆಬ್ರವರೀಲಿ ನಾವಿನ್ನೂ ಊರೊಳಗೇ ಇದ್ವಿ ಕಣಮ್ಮ" ಎಂದು ಹೇಳಿ ಹೊರಟುಹೋದರು.