ಪಡಸಾಲೆಯ ಕೆಳಗಿನ ಕುಣಿ

ಬೇಸಿಗೆಯ ಖುರ್ದಾದ್ ತಿಂಗಳ ಮೊದಲ ಬುಧವಾರ, ಬೆಳಗಿನ ಏಳು ಗಂಟೆ. ನಾರಾಯಣಪೇಟೆಯ ನಮ್ಮ ಮನೆಯ ನೆಲಮಾಳಿಗೆ. ಇದ್ದವರು ಅವ್ವ, ಅಕ್ಕ, ಕಾಕಾ ಮತ್ತು ನಾನು. ಹೊರಗೆ ಬಂಡಿಯಲ್ಲಿ ಅಕ್ಕನ ಮಗ್ಗದ ಮರಗಳು ಇನ್ನೂ ಹಗ್ಗ ಬಿಚ್ಚದೆ ಬಿದ್ದಿದ್ದವು.

ಆಗ ನಾನು ಮಕ್ತಲದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಗದ್ವಾಲಿಗೆ ಕೊಟ್ಟಿದ್ದ ಅಕ್ಕ ಸಂಕ್ರಾಂತಿಯ ಹೊತ್ತಿಗೆ ತವರಿಗೆ ಬಂದಿದ್ದಳು. ಗಂಡ ಇನ್ನೊಬ್ಬಳನ್ನು ಮನೆಗೆ ತಂದುಕೊಂಡಿದ್ದ. ಅಕ್ಕನನ್ನು ಕರೆದೊಯ್ಯಲು ಅವನ ಮನೆಯವರು ಮರುದಿನ, ಗುರುವಾರ, ಬರುವವರಿದ್ದರು. ಕರೆದೊಯ್ಯುವುದು ಸಂಸಾರಕ್ಕಲ್ಲ, ಅವರ ಮಗ್ಗಗಳಲ್ಲಿ ಪುಕ್ಕಟೆ ನೇಯಲಿಕ್ಕೆ. ಅಪ್ಪ ತೀರಿದ ಮೇಲೆ ಮನೆ ನಡೆಸುತ್ತಿದ್ದ ಕಾಕಾ ಓಣಿಯ ಹಿರಿಯರ ಮುಂದೆ ಮಾತು ಕೊಟ್ಟಿದ್ದರು: ಅವರು ಬರುವಷ್ಟರಲ್ಲಿ ಈ ಮನೆಯಲ್ಲಿ ಅಕ್ಕನ ಮಗ್ಗ ಹೂಡಿದ್ದರೆ ಅವಳು ಇಲ್ಲೇ ದುಡಿದು ತಿನ್ನಲಿ, ಇಲ್ಲವಾದರೆ ಹೋಗಲಿ.

ಮಗ್ಗಕ್ಕೆ ಜಾಗ ಇದ್ದದ್ದು ನೆಲಮಾಳಿಗೆಯಲ್ಲಿ ಮಾತ್ರ. ಅಲ್ಲಿದ್ದ ಜೋಳವನ್ನು ಸರ್ಕಾರದ ಲೆವಿಗೆ ಅಳೆದುಕೊಟ್ಟ ಮೇಲೆ ಅದು ಖಾಲಿ ಬಿದ್ದಿತ್ತು. ಬೇಸಿಗೆಯಲ್ಲಿ ಮೇಲಿನ ಬಿಸಿಗೆ ನೂಲು ಪಟಪಟನೆ ಹರಿಯುತ್ತದೆ. ಕೆಳಗೆ ಹಸಿ ಮಣ್ಣಿನ ತಂಪಿಗೆ ಹರಿಯುವುದಿಲ್ಲ. ನಮ್ಮದು ಕುಣಿ ಮಗ್ಗ: ನೇಯುವವರು ನೆಲದ ಮೇಲೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯಬೇಕು. ನಾನು ರಜೆ ಹಾಕಿ ಬಂದು ಬೆಳಕಿಂಡಿ ಅಗಲ ಮಾಡಿದ್ದೆ, ಮೆಟ್ಟಿಲು ಗಟ್ಟಿ ಮಾಡಿದ್ದೆ, ಬಾವಲಿಗಳನ್ನು ಓಡಿಸಿ ಗೋಡೆಗೆ ಸುಣ್ಣ ಹೊಡೆದಿದ್ದೆ. ಕುಣಿಗೆ ಗೆರೆ ಎಳೆದಿಟ್ಟು, ಮದುವೆಯಲ್ಲಿ ಅಪ್ಪ ಕೊಟ್ಟಿದ್ದ ಮಗ್ಗ ತರಲು ಅಕ್ಕನೊಂದಿಗೆ ಗದ್ವಾಲಿಗೆ ಹೋಗಿದ್ದೆ.

ಆ ಬುಧವಾರ ಬೆಳಿಗ್ಗೆ ಮರಳಿ ಬಂದು ನೋಡಿದರೆ ನೆಲದ ತುಂಬ ಕಾಕಾ ಹಾಸಿಸಿದ ಫರಸಿ ಕಲ್ಲು. ಸಂದಿಗೆ ಹಾಕಿದ ಗಚ್ಚು ಇನ್ನೂ ಪೂರ್ತಿ ಒಣಗಿರಲಿಲ್ಲ. ಮೂಲೆಯಲ್ಲಿ ಗಾದಿ, ಲೋಡುಗಳೂ ಬಂದು ಕೂತಿದ್ದವು. ಕಂದಾಯದ ಗಿರ್ದಾವರ್ ಸಾಹೇಬರು ಊರಿಗೆ ಬಂದಾಗ ಮಧ್ಯಾಹ್ನ ಮಲಗಲು ತಂಪಾದ ಬೈಠಕ್ ಇಲ್ಲವಂತೆ. ಅವ್ವ ಬೇಡವೆಂದದ್ದನ್ನು ಕಾಕಾ ಕಿವಿಗೇ ಹಾಕಿಕೊಂಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಅಗಲ ಮಾಡಿದ ಬೆಳಕಿಂಡಿಯನ್ನು ನನಗೇ ತೋರಿಸಿ, ಎಷ್ಟು ಚಲೋ ಬೆಳಕು ಬಂದಿದೆ ನೋಡು ಎಂದು ಅವರು ಹಿಗ್ಗಿದ್ದು ನನ್ನ ಮೈ ಉರಿಸಿತು.

ಹಾಗಾದರೆ ಮಗ್ಗ ಎಲ್ಲಿ ಹೂಡಬೇಕೆಂದು ಕೇಳಿದೆ.

"ಮ್ಯಾಲೆ ಪಡಸಾಲ್ಯಾಗ ಹೂಡ್ರಿ. ಅಲ್ಲಿ ಕುಣಿ ತೋಡಾಕ ಯಾರು ಬ್ಯಾಡಂದ್ರು?" ಎಂದರು ಕಾಕಾ.

ಪಡಸಾಲೆ ಇರುವುದೇ ಈ ನೆಲಮಾಳಿಗೆಯ ಮೇಲೆ. ಅದರ ನೆಲವೇ ಇದರ ಚಾವಣಿ. ಆ ಮನೆಯಲ್ಲೇ ಹುಟ್ಟಿ ಬೆಳೆದ ಮನುಷ್ಯನಿಗೆ ಅದು ಹೊಳೆದಿರಲಿಲ್ಲ.

ಅಕ್ಕ ತಲೆಯೆತ್ತಿ ತೊಲೆಗಳನ್ನು ನೋಡಿದಳು. "ಅಲ್ಲಿ ಕುಣಿ ತೋಡಿದ್ರ ನನ್ನ ಕಾಲು ಇಲ್ಲಿ ಮಲಗಿದ ಸಾಹೇಬ್ರ ಮುಖದ ಮ್ಯಾಲ ಜೋತಾಡ್ತಾವಲ್ರೀ ಕಾಕಾ."

ನಗು ತಡೆಯಲು ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಕಾ ಕೆಂಪಾದರು. ಹಾಸಿದ್ದನ್ನು ಕೀಳುವ ಮಾತೇ ಇಲ್ಲ, ಮಗ್ಗ ಹೂಡಲಾಗದಿದ್ದರೆ ಹಿರಿಯರ ಮುಂದೆ ಆದ ಮಾತಿನಂತೆ ಅಕ್ಕ ನಾಳೆ ಹೋಗತಕ್ಕದ್ದು ಎಂದರು. ಮಾತು ನಡೆಯದಂತೆ ಮಾಡಿದವರು ಕಾಕಾ, ಆ ಮಾತಿಗೆ ಕಟ್ಟುಬೀಳಬೇಕಾದವಳು ಅಕ್ಕ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಅಂಗಳದಿಂದ ಹಾರೆ ತಂದೆ. ಕಾಕಾ ನಡುನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ಮಾಸ್ತರ, ನನ್ನ ಎಬ್ಬಿಸಾಕ ಧೈರ್ಯ ಐತೇನು?"

ಎಬ್ಬಿಸಲಿಲ್ಲ. ಬೆಳಕಿಂಡಿಯ ಕಡೆಯಿಂದ ಶುರು ಮಾಡಿದೆ. ನಾನು ಮೀಟುವುದು, ಅಕ್ಕ ಕಲ್ಲು ಹಿಡಿದು ಹೊರಳಿಸುವುದು. ಕಾಕಾ ಬೈಯುತ್ತಲೇ ಇದ್ದರು, ನನ್ನ ಓದನ್ನು, ಅಕ್ಕನ ನಾಲಿಗೆಯನ್ನು, ಕೊನೆಗೆ ಸತ್ತ ಅಪ್ಪನನ್ನೂ. ಬಿಸಿಲೇರುವಷ್ಟರಲ್ಲಿ ಸುತ್ತಲೂ ಮಣ್ಣು, ನಡುವೆ ಅವರು ಕೂತ ಕಲ್ಲು ಮಾತ್ರ.

ಆಗ ಅವ್ವ ಮೆಟ್ಟಿಲ ಮೇಲೆ ನಿಂತು ಹೇಳಿದಳು: "ಮೈದುನಾ, ಏಳು. ರೊಟ್ಟಿ ಆರಾಕತ್ಯಾವ. ನಾಳಿ ಆಕಿ ಹೋದ್ರ ಆಕಿ ಹಿಂದ ನಾನೂ ಹೋಗ್ತೀನಿ. ಆಮ್ಯಾಲೆ ನಿನ್ನ ಸಾಹೇಬ್ರಿಗೆ ನೀನ ರೊಟ್ಟಿ ಬಡಿ."

ಕಾಕಾ ಎದ್ದರು. ಧೋತರ ಜಾಡಿಸಿಕೊಂಡು, ಯಾರ ಮುಖವನ್ನೂ ನೋಡದೆ ಮೇಲೆ ಹೋದರು. ಒಪ್ಪಿದೆ ಎನ್ನಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ಮುಂದೆ ಆ ನೆಲಮಾಳಿಗೆಯಲ್ಲಿ ಅಕ್ಕ ನೇಯ್ದ ಸೀರೆಯನ್ನು ತಮ್ಮ ಮಗಳಿಗೆ ಮದುವೆಯಲ್ಲಿ ಉಡಿಸಿದಾಗಲೂ ಎನ್ನಲಿಲ್ಲ.

ಅಕ್ಕ, ನಾನು ಊಟಕ್ಕೆ ಹೋಗಲಿಲ್ಲ. ಉಳಿದ ಕಲ್ಲನ್ನೂ ಕಿತ್ತು ಎಲ್ಲವನ್ನೂ ಹಿತ್ತಲಲ್ಲಿ ಒಟ್ಟಿದೆವು. ಕುಣಿ ತೋಡಿ ಮಣ್ಣನ್ನು ಬುಟ್ಟಿಯಲ್ಲಿ ಹೊರಗೆ ಸಾಗಿಸಿದೆವು, ಬದಿಗಳಿಗೆ ಕೆಸರು ಮೆತ್ತಿ ಸೆಗಣಿಯಿಂದ ಸಾರಿಸಿದೆವು. ಬಂಡಿಯಿಂದ ಮರಗಳನ್ನು ಇಳಿಸಿ, ಗೂಟ ಬಡಿದು ಮಗ್ಗ ಹೂಡಿದೆವು. ಗಾದಿ, ಲೋಡುಗಳನ್ನು ನಾನೇ ಪಡಸಾಲೆಗೆ ಒಯ್ದು ಎಸೆದು ಬಂದೆ. ದೀಪ ಹಚ್ಚುವ ಹೊತ್ತಿಗೆ ಅಕ್ಕ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ತುಳಿಯುವ ಹಲಗೆ ತಗ್ಗಾಯಿತೆಂದಳು. ಹಗ್ಗ ಬಿಚ್ಚಿ ಸ್ವಲ್ಪ ಮೇಲೆತ್ತಿ ಕಟ್ಟಿದೆ. ಮತ್ತೆ ತುಳಿದು ನೋಡಿ ಸಾಕೆಂದಳು. ಗಂಟು ಬಿಗಿದು, ಹಾರೆ ತೊಳೆದು ಅದರ ಜಾಗದಲ್ಲಿಟ್ಟೆ.